ಹಾಸನದಲ್ಲಿ ಕೂತು ಫ್ರೆಂಚ್ ಕಲಿಯೋಕೆ ಯಾವುದು ವಾಸಿ: ಕಾಲೇಜಾ, ಆ್ಯಪಾ, ಆನ್‌ಲೈನ್ ಕ್ಲಾಸಾ?

ಮೊದ್ಲೇ ಹೇಳ್ಬಿಡ್ತೀನಿ, ಬರೀ ಮಾರ್ಕ್ಸ್ ಕಾರ್ಡಿಗೆ ಬೇಕು ಅಂದ್ರೆ ಕಾಲೇಜಿನ ಸರ್ಟಿಫಿಕೇಟ್ ಕೋರ್ಸೇ ಸಾಕು. ಬಾಯಿ ಬಿಟ್ಟು ಮಾತಾಡ್ಬೇಕು ಅಂದ್ರೆ ಅದೊಂದೇ ಸಾಕಾಗಲ್ಲ. ಕಾಲೇಜ್ ಕ್ಲಾಸು, ಫೋನಲ್ಲಿರೋ ಆ್ಯಪು, ಫ್ರೆಂಚ್ ಟಿವಿ ಚಾನೆಲ್ ಟಿವಿ5 ಮಾಂಡ್‌ನ ಫ್ರೀ ವೆಬ್‌ಸೈಟು, ಬೆಂಗಳೂರಲ್ಲಿ ಫ್ರೆಂಚ್ ಕಲಿಸೋ ಸಂಸ್ಥೆ ಅಲಯಾನ್ಸ್ ಫ್ರಾಂಸೇಸ್‌ನ ಆನ್‌ಲೈನ್ ಬ್ಯಾಚು, ಎಲ್ಲಾ ನೋಡಾಯ್ತು ನಾನು. ಜೂನಿಯರ್ಸ್ ಕೇಳ್ತಾನೇ ಇರ್ತಾರೆ, ಅದಕ್ಕೆ ಒಂದೇ ಸಲ ಬರೆದು ಹಾಕ್ತಿದ್ದೀನಿ.

ಕಾಲೇಜ್ ಕ್ಲಾಸ್ ನಡೀತಿದ್ದಿದ್ದು ಸಂಜೆ, ಉಳಿದ ಪೀರಿಯಡ್ಸ್ ಎಲ್ಲಾ ಮುಗಿದ್ಮೇಲೆ. ಆಲೂರು, ಹೊಳೆನರಸೀಪುರ ಕಡೆ ಬಸ್ ಹಿಡಿಯೋರು ಅರ್ಧಕ್ಕೇ ಎದ್ದು ಹೋಗೋರು, ಮೇಡಂ ಪಾಪ ಏನೂ ಅಂತಿರ್ಲಿಲ್ಲ. ಆದ್ರೆ ಒಂದು ವಿಷಯದಲ್ಲಿ ಇದನ್ನ ಯಾವ ಆ್ಯಪೂ ಮೀರ್ಸಲ್ಲ, ಮೇಡಂ ಕನ್ನಡದಲ್ಲಿ ವಿವರಿಸೋರು. ಫ್ರೆಂಚಲ್ಲಿ ಕುರ್ಚಿ ಹೆಣ್ಣು, ಪುಸ್ತಕ ಗಂಡು, ನಮ್ಮಲ್ಲಿ ಎರಡೂ "ಅದು". ಯಾಕೆ ಹೀಗೆ ಅಂತ ಕೇಳಿದ್ರೆ "ಕಾರಣ ಹುಡುಕ್ಬೇಡಿ, ಪದದ ಜೊತೆ ಗಂಡಿಗೆ ಲ, ಹೆಣ್ಣಿಗೆ ಲಾ ಸೇರಿಸಿಯೇ ಬಾಯಿಪಾಠ ಮಾಡಿ" ಅಂದ್ರು, ಅದೇ ಸರಿಯಾದ ದಾರಿ. ಹಿಂದಿ ಚೆನ್ನಾಗಿ ಬರ್ತಿದ್ದ ಹುಡುಗ್ರಿಗೆ ಇದು ಹೊಸದೇನೂ ಅನ್ನಿಸ್ಲಿಲ್ಲ, ಒದ್ದಾಡಿದ್ದು ನಾವು.

ಕ್ರಿಯಾಪದದ ಟೇಬಲ್ಲೂ ಕಾಲೇಜಲ್ಲೇ ಗಟ್ಟಿಯಾಗಿದ್ದು. ಮಾತಾಡು ಅನ್ನೋದಕ್ಕೆ ನಾನು, ನೀನು, ಅವನು, ಅವರು ಅಂತ ನಾಲ್ಕು ಕಡೆ ಕೇಳೋದು ಒಂದೇ "ಪಾರ್ಲ್", ಬರೆಯುವಾಗ ಮಾತ್ರ ಕೊನೆಯ ಅಕ್ಷರಗಳು ಬದಲಾಗ್ತವೆ, ಅದನ್ನ ಕೈಯಲ್ಲಿ ಬರೆದು ಬರೆದೇ ಕಲೀಬೇಕು. ಆದ್ರೆ ಒಂದು ಸೆಮಿಸ್ಟರ್ ಪೂರ್ತಿ ಕ್ಲಾಸಲ್ಲಿ ನಾವು ಬಾಯಿ ಬಿಟ್ಟಿದ್ದು ಅಂದ್ರೆ ಹಾಜರಿ ಹೇಳುವಾಗ, ಆಮೇಲೆ ಎಲ್ಲರೂ ಒಟ್ಟಿಗೆ ಒಂದರಿಂದ ನೂರರವರೆಗೆ ಕೂಗುವಾಗ, ಅಷ್ಟೇ.

ಈ ನಂಬರ್ ವಿಷಯ ಸ್ವಲ್ಪ ಹೇಳ್ಬೇಕು ಕಣ್ರೀ. 70 ಅಂದ್ರೆ ಅವರಿಗೆ ಅರವತ್ತು-ಹತ್ತು, 80 ಅಂದ್ರೆ ನಾಲ್ಕು ಇಪ್ಪತ್ತು, 97 ಅಂದ್ರೆ ನಾಲ್ಕು ಇಪ್ಪತ್ತು ಹದಿನೇಳು, "ಕಾತ್ರ್ ವ್ಯಾಂ ದಿಸೆತ್". ಸಾಲಾಗಿ ಹೇಳ್ಕೊಂಡು ಹೋದ್ರೆ ಯಾರಿಗಾದ್ರೂ ಬರುತ್ತೆ. ಆದ್ರೆ ಫ್ರಾನ್ಸಲ್ಲಿ ಫೋನ್ ನಂಬರ್ ಹೇಳೋದು ಎರಡೆರಡು ಅಂಕಿ ಸೇರಿಸಿ, ಹತ್ತು ಅಂಕಿ ಅಂದ್ರೆ ಐದು ಜೋಡಿ, ನೀವು "ಕಾತ್ರ್" ಕೇಳಿ 4 ಅಂತ ಬರೆಯೋಷ್ಟರಲ್ಲಿ ಅದು 97 ಆಗಿರುತ್ತೆ. ಬೆಲ್ಜಿಯಂ, ಸ್ವಿಟ್ಜರ್ಲೆಂಡ್‌ನೋರು 70ಕ್ಕೆ ಸೆಪ್ತಾಂತ್, 90ಕ್ಕೆ ನೊನಾಂತ್ ಅಂತ ಸಲೀಸಾಗಿ ಮುಗಿಸ್ತಾರೆ, ಪುಣ್ಯಾತ್ಮರು.

ಆ್ಯಪ್ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಬಸ್ಸಲ್ಲಿ ಟೈಮ್ ಪಾಸ್, ಪದಗಳು ತಲೇಲಿ ಕೂರ್ತವೆ, ಸ್ಟ್ರೀಕ್ (ದಿನ ತಪ್ಪಿಸದೆ ಕಲಿತ ಲೆಕ್ಕ) ಉಳಿಸ್ಕೊಳ್ಳೋ ಹುಚ್ಚಲ್ಲಿ ದಿನಾ ತೆಗೀತೀರಾ. ಆದ್ರೆ ನನ್ನ ಫೋನಲ್ಲಿದ್ದ ಆ್ಯಪು ಇಂಗ್ಲಿಷಿಂದ ಫ್ರೆಂಚಿಗೆ, ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಎರಡೆರಡು ಸಲ ಅನುವಾದದ ಕೆಲಸ. ಮೈಕಲ್ಲಿ ಏನೋ ಗೊಣಗಿದ್ರೂ ಕರೆಕ್ಟ್ ಅಂತ ಹಸಿರು ಟಿಕ್ ಬೇರೆ.

ಅದರ ಬದ್ಲು ಟಿವಿ5 ಮಾಂಡ್‌ನ ಕಲಿಕೆ ಸೈಟ್ ನೋಡಿ ಅಂತೀನಿ ನಾನು. ದುಡ್ಡು ಕೊಡ್ಬೇಕಿಲ್ಲ, ತೀರಾ ಶುರುವಿನ ಎ1 ಇಂದ ಬಿ2 ವರೆಗೆ ಲೆವೆಲ್ ಪ್ರಕಾರ ಚಿಕ್ಕ ಚಿಕ್ಕ ವಿಡಿಯೊ, ಅದರ ಮೇಲೇ ಎಕ್ಸರ್ಸೈಜ್. ಶುರುವಲ್ಲಿ ಮಾತು ಅರ್ಥ ಆಗ್ದಿದ್ರೂ ಯಾರು, ಎಲ್ಲಿ, ಏನು ಅಂತ ಚಿತ್ರ ನೋಡಿ ಹಿಡೀಬೋದು. ಕಿವಿ ಪಳಗೋದು ಇಲ್ಲೇ.

ಆನ್‌ಲೈನ್ ಬ್ಯಾಚು ಕಾಲೇಜ್ ಕೋರ್ಸಿಗಿಂತ ದುಬಾರಿ, ಅಪ್ಪನ ಹತ್ರ ಎರಡು ಸಲ ಯೋಚನೆ ಮಾಡಿ ಕೇಳ್ಬೇಕು, ಮೇಲೆ ನಮ್ಮನೆ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ವೈಫೈನೂ ಹೋಯ್ತು. ಆದ್ರೂ ನಾಲ್ಕರಲ್ಲಿ ನನ್ನ ಓಟು ಇದಕ್ಕೇ, ಯಾಕಂದ್ರೆ ಇಲ್ಲಿ ಟೀಚರ್ ಕ್ಯಾಮೆರಾ ಆನ್ ಮಾಡಿಸಿ ತುಟಿ ನೋಡ್ತಾರೆ. ಫ್ರೆಂಚಲ್ಲಿ ಒಂದು ಸ್ವರ ಇದೆ, ತುಟಿ "ಊ" ಅನ್ನೋ ಹಾಗೆ ಸುತ್ಕೊಂಡು ಒಳಗಿಂದ "ಈ" ಅನ್ಬೇಕು, ಅದು ತಪ್ಪಿದ್ರೆ "ಮೇಲೆ" ಅಂತ ಹೇಳೋಕೆ ಹೋಗಿದ್ದು "ಕೆಳಗೆ" ಅಂತಾಗುತ್ತೆ. ಸ್ಕ್ರೀನಲ್ಲಿ ಹತ್ತು ಜನರ ಮುಂದೆ ಕೋಳಿ ಹಾಗೆ ಮೂತಿ ಮಾಡ್ಕೊಂಡು ಕೂರೋದು ನಾಚಿಕೆನೇ, ಆದ್ರೆ ನಾಲಿಗೆ ತಿರುಗಿದ್ದು ಆಗ್ಲೇ. ನಂಬರೂ ಅಷ್ಟೇ, ಸಾಲಾಗಿ ಅಲ್ಲ, ಎಲ್ಲೆಲ್ಲಿಂದಲೋ ಕೇಳಿ ಕೇಳಿ ಬಾಯಿಗೆ ತಂದ್ರು.

ಅದಾದ್ಮೇಲೆ ಒಂದಿನ ಬೇಲೂರಿಗೆ ಹೋದಾಗ ದೇವಸ್ಥಾನದಲ್ಲಿ ಫ್ರೆಂಚ್ ದಂಪತಿ ಒಬ್ರು ಸಿಕ್ಕಿದ್ರು, ಮದನಿಕೆ ಕೆಳಗೆ ನಿಂತು ಫೋಟೊ ತೆಗೀತಿದ್ರು. ಯಾವ ಕಾಲದ್ದು ಅಂತ ಕೇಳಿದ್ರು ಅನ್ನಿಸ್ತು. 1117 ಅಂತ ಗೊತ್ತಿತ್ತು, "ಮಿಲ್ ಸಾಂ ದಿಸೆತ್" ಅಂದೆ. ಆಯಮ್ಮ ತಿರುಗಿ ಗಂಡನಿಗೆ ಅದನ್ನೇ ಹೇಳಿದ್ರು. ಆಮೇಲೆ ಅವರು ಪಟಪಟ ಅಂತ ಏನೇನೋ ಕೇಳಿದ್ರು, ಒಂದೂ ಹತ್ಲಿಲ್ಲ, ಬಿಡಿ.

ಪರೀಕ್ಷೆ ಬರೆಯೋ ಯೋಚನೆ ಇದ್ರೆ ಫ್ರಾನ್ಸ್ ಸರ್ಕಾರದ ಫ್ರೆಂಚ್ ಪರೀಕ್ಷೆ ಡೆಲ್ಫ್‌ನ ಎ1 ಬರೀರಿ, ಆ ಸರ್ಟಿಫಿಕೇಟಿಗೆ ಎಕ್ಸ್‌ಪೈರಿ ಇಲ್ಲ. ಕೇಳೋದು, ಓದೋದು, ಬರೆಯೋದು, ಮಾತಾಡೋದು, ಒಂದೊಂದಕ್ಕೆ 25, ಪಾಸಾಗೋಕೆ ನೂರಕ್ಕೆ 50, ಆದ್ರೆ ಯಾವುದ್ರಲ್ಲೂ 5ಕ್ಕಿಂತ ಕಮ್ಮಿ ಆಗ್ಬಾರ್ದು. ಅಂದ್ರೆ ಬರೀ ಗ್ರಾಮರ್ ಅರೆದು ಕುಡಿದೋರು ಮಾತಲ್ಲಿ ಸಿಕ್ಕಾಕೊಳ್ತಾರೆ, ಕೊನೇಲಿ ಅಂಗಡಿಗೆ ಹೋಗಿ ಏನೋ ತಗೊಳ್ಳೋ ಹಾಗೆ ಎಕ್ಸಾಮಿನರ್ ಮುಂದೆ ನಾಟಕ ಆಡಿ ರೇಟ್ ಕೇಳ್ಬೇಕು. ಸೆಂಟರ್ ಬೆಂಗಳೂರಲ್ಲಿದೆ, ಹಿಂದಿನ ದಿನವೇ ಟ್ರೈನ್ ಹತ್ತಿ ನೆಂಟರ ಮನೇಲಿ ಇದ್ಬಿಡಿ, ಬೆಳಗ್ಗೆ ಇಲ್ಲಿಂದ ಹೊರಟು ಟ್ರಾಫಿಕ್ಕಲ್ಲಿ ಸಿಕ್ಕಿ ಲೇಟಾದ್ರೆ ಕಷ್ಟ.