ಹೆಡ್‌ಸ್ಪೇಸ್ ವಯಲ್ ಬದಲಾಯಿಸುವ ಮುಂಚೆ ಇದನ್ನು ಓದಿ

ಔಷಧ ಕಂಪನಿಗಳ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಲ್ಯಾಬ್‌ನಲ್ಲಿ ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಫಿ) ನಡೆಸುವವರು, ಅದರಲ್ಲೂ ರೆಸಿಡ್ಯುಯಲ್ ಸಾಲ್ವೆಂಟ್ ಟೆಸ್ಟ್, ಅಂದರೆ ಔಷಧದಲ್ಲಿ ಉಳಿದ ದ್ರಾವಕದ ಪರೀಕ್ಷೆ ಮಾಡುವವರು ದಯವಿಟ್ಟು ಓದಿ. ನಿಮ್ಮ ಪರ್ಚೇಸ್‌ನವರಿಗೂ ಓದಿಸಿ.

ನಮ್ಮ ಲ್ಯಾಬ್‌ಗೆ ಹೊಸ ಸಪ್ಲೈಯರ್ ಒಬ್ಬರಿಂದ 20 ಮಿ.ಲೀ. ಹೆಡ್‌ಸ್ಪೇಸ್ ವಯಲ್ (ಸ್ಯಾಂಪಲ್ ಬಿಸಿ ಮಾಡಿ ಮೇಲಿನ ಆವಿಯನ್ನು ಜಿಸಿಗೆ ಕಳಿಸುವ ಗಾಜಿನ ಬಾಟಲಿ) ಮತ್ತು 20 ಮಿ.ಮೀ. ಕ್ರಿಂಪ್ ಕ್ಯಾಪ್ (ಅಂಚು ಒತ್ತಿ ಮುಚ್ಚುವ ಲೋಹದ ಮುಚ್ಚಳ) ಬಂದವು. ರೇಟು ಕಡಿಮೆ. ನೋಡೋಕೆ ಹಳೆಯವುಗಳ ಹಾಗೇ ಇದ್ದವು. ಹಾಕಿದ ಮೇಲೆ ಸ್ಟ್ಯಾಂಡರ್ಡ್ (ಸಾಲ್ವೆಂಟ್ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ದ್ರಾವಣ) ರಿಸಲ್ಟ್ ನಿಲ್ಲಲೇ ಇಲ್ಲ. ಡೈಕ್ಲೋರೋಮೀಥೇನ್ ಎಂಬ ಸಾಲ್ವೆಂಟ್‌ನ ಪೀಕ್ ಒಂದು ವಯಲ್‌ನಲ್ಲಿ ಸರಿಯಾಗಿ ಬರುತ್ತಿತ್ತು, ಪಕ್ಕದ ವಯಲ್‌ನಲ್ಲಿ ತೀರಾ ಚಿಕ್ಕದು. ಎಲ್ಲರೂ ಮೆಷಿನ್ ಮೇಲೇ ಅನುಮಾನಪಟ್ಟರು. ನೀಡಲ್ ಬದಲಾಯಿತು, ಟ್ರಾನ್ಸ್‌ಫರ್ ಲೈನ್ ನೋಡಿದ್ದಾಯಿತು, ಸರ್ವಿಸ್ ಎಂಜಿನಿಯರ್ ಬಂದು ಹೋದರು. ಏನೂ ಸಿಗಲಿಲ್ಲ.

ಕೊನೆಗೆ ಕ್ರಿಂಪ್ ಮಾಡಿದ ಕ್ಯಾಪನ್ನು ಬೆರಳಲ್ಲಿ ತಿರುಗಿಸಿದರೆ ಕೆಲವು ಸಲೀಸಾಗಿ ತಿರುಗಿದವು. ಕ್ರಿಂಪರ್ ಸರಿಯಿತ್ತು, ಹಳೆ ವಯಲ್‌ಗೆ ಹಾಕಿದರೆ ಕ್ಯಾಪ್ ಅಲ್ಲಾಡುತ್ತಿರಲಿಲ್ಲ. ಹೊಸ ವಯಲ್‌ಗಳ ಬಾಯಿ ಅಂಚೇ ಒಂದೇ ಸಮ ಇರಲಿಲ್ಲ. ಓವನ್‌ನಲ್ಲಿ ಕಾದಾಗ ಒಳಗೆ ಒತ್ತಡ ಏರುತ್ತದೆ, ಆ ಸಂದಿಯಲ್ಲಿ ಆವಿ ಹೊರಗೆ ಹೋಗುತ್ತದೆ. ಡೈಕ್ಲೋರೋಮೀಥೇನ್ ಕುದಿಯುವುದೇ 40 ಡಿಗ್ರಿಯಲ್ಲಿ, ಮೊದಲು ಹೋಗುವುದೂ ಅದೇ.

ಸ್ಟ್ಯಾಂಡರ್ಡ್ ಫೇಲ್ ಆದದ್ದು ಒಳ್ಳೆಯದೇ ಆಯಿತು, ವಿಷಯ ಗೊತ್ತಾಯಿತಲ್ಲ. ಸ್ಟ್ಯಾಂಡರ್ಡ್ ವಯಲ್‌ಗಳು ಗಟ್ಟಿಯಾಗಿದ್ದು ಸ್ಯಾಂಪಲ್ ವಯಲ್ ಮಾತ್ರ ಸೋರಿದ್ದರೆ? ಐಸಿಎಚ್ ಕ್ಯೂ3ಸಿ (ಔಷಧದಲ್ಲಿ ಉಳಿಯುವ ಸಾಲ್ವೆಂಟ್‌ಗಳ ಅಂತರರಾಷ್ಟ್ರೀಯ ಮಾರ್ಗಸೂಚಿ) ಪ್ರಕಾರ ಡೈಕ್ಲೋರೋಮೀಥೇನ್ ಮಿತಿ 600 ಪಿಪಿಎಂ. ಅದನ್ನು ದಾಟಿದ ಬ್ಯಾಚ್ ಕೂಡ ಕಾಗದದ ಮೇಲೆ ಪಾಸ್ ಆಗಿರುತ್ತಿತ್ತು. ಆ ಮಾತ್ರೆ ಯಾರದೋ ಮನೆಗೆ ಹೋಗುತ್ತದೆ ಅಲ್ವಾ? ಇದನ್ನು ಬರೆಯುತ್ತಿರುವುದೇ ಆ ಭಯಕ್ಕೆ.

ಕ್ಯಾಪ್ ಒಳಗಿನ ರಬ್ಬರಿನಂಥ ಬಿಲ್ಲೆ, ಅಂದರೆ ಸೆಪ್ಟಾದ್ದು ಇನ್ನೊಂದು ತಲೆನೋವು. ಸ್ಯಾಂಪಲ್ ಇಲ್ಲದೆ ಬರೀ ಡೈಲ್ಯುಯೆಂಟ್ (ಸ್ಯಾಂಪಲ್ ಕರಗಿಸುವ ದ್ರವ) ಹಾಕಿ ಓಡಿಸಿದ ಬ್ಲ್ಯಾಂಕ್‌ನಲ್ಲೂ ಬೇಡದ ಪೀಕ್‌ಗಳು. ಪೀಕ್ ಯಾವುದರದ್ದು ಎಂದು ಗುರುತಿಸುವ ಜಿಸಿ-ಎಂಎಸ್‌ನಲ್ಲಿ ನೋಡಿದರೆ 73, 207, 281 ಅಯಾನ್‌ಗಳು, ಅಂದರೆ ಸಿಲಿಕೋನ್‌ನಿಂದ ಬರುವ ಸಿಲಾಕ್ಸೇನ್. ಜಿಸಿಯ ಕಾಲಂ ಸವೆದರೂ, ಅದರ ಇನ್‌ಲೆಟ್‌ನ ಸೆಪ್ಟಾ ಹಳೆಯದಾದರೂ 207 ಬರುತ್ತದೆ, ಹಾಗಾಗಿ ಸುಮ್ನೆ ಕ್ಯಾಪ್ ಮೇಲೆ ಹೇಳಬೇಡಿ. ಅದೇ ಡೈಲ್ಯುಯೆಂಟ್, ಅದೇ ವಯಲ್, ಒಂದಕ್ಕೆ ಹಳೆ ಕ್ಯಾಪ್, ಒಂದಕ್ಕೆ ಹೊಸದು. ಹೊಸದರಲ್ಲಿ ಮಾತ್ರ ಪೀಕ್ ಬಂದರೆ ಅನುಮಾನವೇ ಇಲ್ಲ.

ಕೊಳ್ಳುವ ಮುಂಚೆ ಸ್ಯಾಂಪಲ್ ಪ್ಯಾಕ್ ಕೇಳಿ. ಕೊಡದವರಿಂದ ತಗೊಳ್ಳಲೇಬೇಡಿ. ಸೆಪ್ಟಾದ ಟೆಫ್ಲಾನ್ ಮುಖ ವಯಲ್ ಒಳಗಿನ ಕಡೆಗೇ ಇದೆಯಾ, ನಿಮ್ಮ ಓವನ್ ಬಿಸಿಯನ್ನು ಅದು ತಡೆಯುತ್ತದಾ ನೋಡಿ. ನಿಮ್ಮ ಆಟೋಸ್ಯಾಂಪ್ಲರ್ ಮ್ಯಾಗ್ನೆಟ್‌ನಿಂದ ವಯಲ್ ಎತ್ತುವುದಾದರೆ ಸಾದಾ ಅಲ್ಯೂಮಿನಿಯಂ ಕ್ಯಾಪ್ ಕೆಲಸಕ್ಕೆ ಬಾರದು. ಲಾಟ್ ಬದಲಾದಾಗಲೆಲ್ಲ ಬ್ಲ್ಯಾಂಕ್ ಓಡಿಸಿ, ಹೋಲಿಸೋಕೆ ಹಳೆ ಲಾಟ್‌ನ ಒಂದಿಷ್ಟು ಕ್ಯಾಪ್ ಎತ್ತಿಟ್ಟುಕೊಂಡಿರಿ.