ಹಳೇ ಚಿತ್ರ ನೋಡೋಕೆ ಹಾಸನದಿಂದ ಎಲ್ಲಿಗೆ ಹೋಗಬೇಕು?

ಹಾಸನದವರಿಗೆ ಹಳೇ ಚಿತ್ರ ಅಂದ ಕೂಡಲೇ ಮೈಸೂರಿನ ಜಗನ್ಮೋಹನ ಅರಮನೆ ನೆನಪಾಗುತ್ತದೆ. ನಾನು ಅದನ್ನೂ ನೋಡಿದ್ದೇನೆ, ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನೂ ನಮ್ಮ ಜಿಲ್ಲೆಯದೇ ಆದ ಶ್ರವಣಬೆಳಗೊಳದ ಜೈನ ಮಠವನ್ನೂ ನೋಡಿದ್ದೇನೆ. ಒಂದೇ ದಿನ ಬಿಡುವಿದ್ದರೆ ನನ್ನ ಓಟು ದರಿಯಾ ದೌಲತ್ತಿಗೆ.

ಮನುಷ್ಯರ ಮುಖ ನೋಡಬೇಕು ಅನ್ನುವವರಿಗೆ ಜಗನ್ಮೋಹನವೇ ಸರಿ. ರವಿವರ್ಮನ ತೈಲಚಿತ್ರಗಳನ್ನು ನಾವು ಕ್ಯಾಲೆಂಡರಿನಲ್ಲಿ ನೋಡಿ ಬೆಳೆದವರು. ಮೂಲದ ಎದುರು ನಿಂತರೆ ರೇಷ್ಮೆಯ ಅಂಚು, ಮೈಯ ಬಣ್ಣ ಎಲ್ಲಾ ಬೇರೆಯೇ. ಹಲ್ದಣಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರವೂ ಅಲ್ಲೇ ಇದೆ. ಅದನ್ನೂ ರವಿವರ್ಮನದೇ ಅಂದುಕೊಳ್ಳುವವರು ಜಾಸ್ತಿ. ಅದು ಜಲವರ್ಣ. ದೀಪಕ್ಕೆ ಕೈ ಅಡ್ಡ ಹಿಡಿದಿದ್ದಾಳೆ, ಬೆಳಕು ಬೆರಳುಗಳನ್ನೇ ಕೆಂಪಾಗಿಸಿದೆ. ನೀರಿನ ಬಣ್ಣದಲ್ಲಿ ಇದನ್ನು ಹೇಗೆ ತಂದರೋ! ಆದರೆ ಅಲ್ಲಿ ಚಿತ್ರಗಳ ಜೊತೆ ಗಡಿಯಾರ, ವಾದ್ಯ ಎಲ್ಲವೂ ಇವೆ. ಮೇಲಿನ ಮಹಡಿ ಮುಟ್ಟುವಷ್ಟರಲ್ಲಿ ನನ್ನ ಕಣ್ಣು ಸೋತಿರುತ್ತದೆ.

ದರಿಯಾ ದೌಲತ್ತಿನಲ್ಲಿ ಚಿತ್ರ ಗೋಡೆಯ ಮೇಲೇ ಇದೆ, ಯಾರ ಕಥೆಯೋ ಅವರ ಮನೆಯಲ್ಲೇ ಇದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ ಇದು. ಹೈದರ್, ಟಿಪ್ಪು ಸೇರಿ ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧ ಪಶ್ಚಿಮದ ಗೋಡೆಯ ಮೇಲೆ ಹರಡಿದೆ. ಕೆಂಪು ಕೋಟಿನ ಇಂಗ್ಲಿಷ್ ಸೈನಿಕರು ಚೌಕಾಕಾರವಾಗಿ ಒತ್ತಿ ನಿಂತಿದ್ದಾರೆ. ಒಳಗೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಅವರ ದಳಪತಿ ಕರ್ನಲ್ ಬೈಲಿ. ಪಕ್ಕದಲ್ಲೇ ಮದ್ದಿನ ಗಾಡಿ ಸಿಡಿಯುತ್ತಿದೆ. ದುರ್ಬೀನು ಹಿಡಿದ, ಟಿಪ್ಪು ಕಡೆಯ ಫ್ರೆಂಚ್ ಅಧಿಕಾರಿ ಲಾಲಿಯನ್ನೂ ಹುಡುಕಿ. ದೂರದಲ್ಲಿ ನಿಂತರೆ ಬರೀ ಗದ್ದಲ, ಹತ್ತಿರ ಬಂದು ಮೆಲ್ಲಗೆ ನಡೆದರೆ ಒಬ್ಬೊಬ್ಬನೂ ಬೇರೆ ಮನುಷ್ಯ. ಒಳಗಿನ ಮ್ಯೂಸಿಯಂನಲ್ಲಿ ಇಂಗ್ಲಿಷರು ಬಿಟ್ಟುಹೋದ ಪೆನ್ಸಿಲ್ ಚಿತ್ರ, ಅಚ್ಚುಚಿತ್ರಗಳಿವೆ. ಗೋಡೆಯಲ್ಲಿ ಗೆದ್ದವನು ಟಿಪ್ಪು. ಇಂಗ್ಲಿಷರ ಚಿತ್ರಗಳಲ್ಲಿ ಟಿಪ್ಪುವಿನ ಕೋಟೆ ಬೀಳುತ್ತದೆ. ಎರಡನ್ನೂ ಒಂದೇ ಸೂರಿನಡಿ ನೋಡೋಕೆ ಸಿಗೋದು ಅಪರೂಪ ಅಲ್ವಾ? 1855ರ ಹೊತ್ತಿಗೆ ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಹೇಳಿ ಗೋಡೆಗೆ ಮತ್ತೆ ಬಣ್ಣ ಹಾಕಿಸಿದ್ದಾನೆ, ಹಾಗಾಗಿ ಎಲ್ಲಾ ಗೆರೆಯೂ ಟಿಪ್ಪು ಕಾಲದ್ದಲ್ಲ.

ಶ್ರವಣಬೆಳಗೊಳದ ಮಠಕ್ಕೆ ಬೆಟ್ಟ ಹತ್ತಿ ಇಳಿದವರು ಬರೋದೇ ಕಡಿಮೆ. ಬಾಹುಬಲಿಯನ್ನು ನೋಡಿ ಸೀದಾ ಬಸ್ ಹಿಡಿಯುತ್ತಾರೆ. ಒಳಗಿನ ಗೋಡೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿದೆ. ನನಗೆ ಬಹಳ ಇಷ್ಟ ಆಗಿದ್ದು ಒಂದು ಮರ ಮತ್ತು ಆರು ಜನ. ಎಲ್ಲರಿಗೂ ಹಣ್ಣು ಬೇಕು. ಒಬ್ಬ ಬುಡಕ್ಕೇ ಕೊಡಲಿ ಹಾಕುತ್ತಿದ್ದಾನೆ, ಇನ್ನೊಬ್ಬ ಕೊಂಬೆಗೆ, ಕೊನೆಯವನು ಬಿದ್ದ ಹಣ್ಣನ್ನಷ್ಟೇ ಆರಿಸುತ್ತಾನೆ. ಜೈನರು ಹೇಳುವ ಆರು ಲೇಶ್ಯೆಗಳು, ಅಂದರೆ ಮನಸ್ಸಿನ ಆರು ಬಗೆಗಳು ಅವು, ಪಾಠ ಓದದ ಮಗುವಿಗೂ ತಿಳಿಯುತ್ತದೆ. ಇದು ಮ್ಯೂಸಿಯಂ ಅಲ್ಲ, ಪೂಜೆ ನಡೆಯುವ ಜಾಗ. ಸಮಯ ನೋಡಿಕೊಂಡು, ಅನುಮತಿ ಕೇಳಿ ಒಳಗೆ ಹೋಗಿ.

ಬೆಳಿಗ್ಗೆ ಮಠ ನೋಡಿ ಕೆ.ಆರ್.ಪೇಟೆ ಮೇಲೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಶ್ರೀರಂಗಪಟ್ಟಣ ಸಿಗುತ್ತದೆ. ಜಗನ್ಮೋಹನವನ್ನು ಅದೇ ದಿನಕ್ಕೆ ತುರುಕಬೇಡಿ, ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ.