ಬೋರಿ ಹೊಳೆಯ ಮೇಲಿನ ನಳದುರ್ಗದ ಕಲ್ಲುಕಟ್ಟೆ: ನೋಡಲು ಅರ್ಧ ದಿನವಾದರೂ ಬೇಕು

ಮಹಾರಾಷ್ಟ್ರದ ಅಕ್ಕಲಕೋಟ ತಾಲ್ಲೂಕಿನಲ್ಲಿ ನಮ್ಮ ಹೊಲಗಳ ಪಕ್ಕದಲ್ಲಿ ಹರಿಯುವ ಬೋರಿ ಹೊಳೆಯೇ ಮೇಲ್ಗಡೆ ನಳದುರ್ಗದ ಕೋಟೆಯನ್ನು ಹಾದು ಬರುತ್ತದೆ ಎಂಬುದು ಚಿಕ್ಕಂದಿನಿಂದ ಗೊತ್ತಿದ್ದರೂ, ಅಲ್ಲಿಯ ಕಲ್ಲುಕಟ್ಟೆಯ ಒಡಲಲ್ಲಿರುವ ಪಾಣಿ ಮಹಲನ್ನು ನಾನು ಸರಿಯಾಗಿ ನೋಡಿದ್ದು ಎರಡನೆಯ ಸಲ ಹೋದಾಗಲೇ. ಮೊದಲ ಸಲ ಒಂದು ಪ್ರವಾಸಿ ಬಸ್ಸಿನವರು ತುಳಜಾಪುರದ ದರ್ಶನ ಮುಗಿಸಿಕೊಂಡು ಬರುವಾಗ ನಮ್ಮನ್ನು ಕೋಟೆಯ ಬಾಗಿಲಲ್ಲಿ ಇಳಿಸಿ, ಮುಕ್ಕಾಲು ಗಂಟೆಯೊಳಗೆ ತಿರುಗಿ ಬರಬೇಕೆಂದು ಹೇಳಿದ್ದರು. ಕಟ್ಟೆಯ ತನಕ ನಡೆಯುವುದರಲ್ಲೇ ಆ ಹೊತ್ತು ಅರ್ಧ ಕಳೆದುಹೋಯಿತು. ಏಪ್ರಿಲ್ ತಿಂಗಳಾದ್ದರಿಂದ ಧಾರೆ ಬೀಳುವ ಜಾಗವೂ ಒಣಗಿತ್ತು. ಹಣ ಕೊಟ್ಟು ಹೋದವರಿಗೆ ಇಂಥ ಸ್ಥಳವನ್ನು ಹೀಗೆ ಓಡುತ್ತ ತೋರಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಸೆಪ್ಟೆಂಬರಿನಲ್ಲಿ ಅವ್ವನನ್ನು ಕರೆದುಕೊಂಡು, ಬುತ್ತಿ ಕಟ್ಟಿಕೊಂಡು, ಎಸ್.ಟಿ. ಬಸ್ಸಿನಲ್ಲಿ ಹೋಗಿ ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಹೊಳೆಯ ಒಂದು ದಂಡೆಗೆ ನಳದುರ್ಗ, ಎದುರು ದಂಡೆಗೆ ರಣಮಂಡಲ ಎಂಬ ಸಣ್ಣ ಕೋಟೆ. ಇವೆರಡನ್ನೂ ಕೂಡಿಸುವ ಈ ಕರಿಕಲ್ಲಿನ ಕಟ್ಟೆಯನ್ನು ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಳ್ವಿಕೆಯಲ್ಲಿ, 1613ರಲ್ಲಿ ಕಟ್ಟಿಸಲಾಯಿತು. ಹೊಳೆಯ ನೀರನ್ನು ತಡೆದು ಕೋಟೆಗೆ ಒದಗಿಸುವ ಅಣೆಕಟ್ಟು ಅದೇ, ಈ ದಂಡೆಯಿಂದ ಆ ದಂಡೆಗೆ ದಾಟುವ ಸೇತುವೆಯೂ ಅದೇ, ತನ್ನ ಒಡಲೊಳಗೆ ಮಹಲನ್ನು ಇಟ್ಟುಕೊಂಡದ್ದೂ ಅದೇ. ವಿಜಯಪುರದ ಇಬ್ರಾಹಿಂ ರೋಜಾದ ಕುಸುರಿ ಕೆಲಸವನ್ನು ಕಂಡವರಿಗೆ ಅದೇ ಸುಲ್ತಾನನ ಕಾಲದ ಈ ಕಟ್ಟೆ ಮೊದಲ ನೋಟಕ್ಕೆ ಬೋಳಾಗಿ ಕಾಣಬಹುದು. ಆದರೆ ನಾಲ್ಕು ನೂರು ವರ್ಷಗಳ ಮಹಾಪೂರಗಳನ್ನು ಎದುರಿಸಿ ನಿಂತ ಗೋಡೆಯ ಮೇಲೆ ಕೈಯಾಡಿಸಿ, ಕಲ್ಲಿಗೆ ಕಲ್ಲು ಕೂಡಿದ ಬಗೆಯನ್ನು ನೋಡಿದಾಗ, ಅಲಂಕಾರದ ಕೊರತೆ ನನಗಂತೂ ಅನಿಸಲಿಲ್ಲ.

ಪೂರ ಬಂದಾಗ ಹೆಚ್ಚಾದ ನೀರು ಎರಡು ಕಡೆ ಧುಮುಕುತ್ತದೆ; ಒಂದು ಧಾರೆಗೆ ನರ ಎಂದೂ ಇನ್ನೊಂದಕ್ಕೆ ಮಾದಿ ಎಂದೂ ಹೆಸರು. ಮೇಲಿನಿಂದ ಇವುಗಳನ್ನು ನೋಡಿ ಹಿಂದಿರುಗುವವರು ಅನೇಕರು, ಆದರೆ ನಿಜವಾದ ಸೊಗಸು ಕೆಳಗಿದೆ. ಕಟ್ಟೆಯ ಒಳಗಿನ ಮೆಟ್ಟಿಲುಗಳನ್ನು ಇಳಿಯುತ್ತಿದ್ದಂತೆ ಬಿಸಿಲು ಹಿಂದೆ ಉಳಿದು, ತಣ್ಣನೆಯ ಗಾಳಿಯೊಡನೆ ನೀರಿನ ಮೊರೆತ ಏರುತ್ತ ಬರುತ್ತದೆ. ಮಹಲಿನ ಕಮಾನುಗಳ ಮುಂದೆಯೇ ನೀರು ಪರದೆ ಬಿಟ್ಟಂತೆ ಬೀಳುತ್ತಿದ್ದರೂ ಒಳಗೆ ನಿಂತವರ ಮೇಲೆ ಸಣ್ಣ ತುಂತುರು ಬಿಟ್ಟರೆ ಬೇರೇನೂ ಬೀಳುವುದಿಲ್ಲ. ಅವ್ವ ಕಿಟಕಿಯ ಕಲ್ಲಿನ ಮೇಲೆ ಅಂಗೈ ಊರಿ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ಕಲ್ಲು ತೇವವಾಗಿತ್ತು, ಅಂಚಿನ ಗಚ್ಚಿನ ಮೇಲೆ ಹಸಿರು ಪಾಚಿ ಬೆಳೆದಿತ್ತು. "ಇದೇ ನೀರು ನಮ್ಮ ಊರಿಗೆ ಬರ್ತದಲ್ಲ" ಎಂದಳು. ಅಂದು ಅಲ್ಲಿ ಕಳೆದ ಒಂದು ಗಂಟೆಗೆ ಬದಲಾಗಿ ಬೇರೆ ಯಾವ ಪ್ರವಾಸವನ್ನು ಕೊಟ್ಟರೂ ನಾನು ಒಪ್ಪಲಾರೆ.

ಕೋಟೆಯ ಉಳಿದ ಭಾಗದಲ್ಲಿ ಫಿರಂಗಿಗಳಿರುವ ಎತ್ತರದ ಉಪಳಿ ಬುರುಜನ್ನು ಹತ್ತಿದರೆ ಸುತ್ತಲಿನ ಬಯಲೆಲ್ಲ ಕಾಣುತ್ತದೆ. ಹೂವಿನ ಎಸಳುಗಳಂತೆ ಹೊರಚಾಚಿದ ನವ ಬುರುಜನ್ನೂ ಬಿಡಬಾರದು. ಕನ್ನಡಿಗರಿಗೆ ಇನ್ನೊಂದು ನಂಟಿದೆ. ಸುರಪುರದಲ್ಲಿ ಆಡಳಿತ ನಡೆಸಿದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1853ರಲ್ಲಿ ನಳದುರ್ಗ ಜಿಲ್ಲೆಯ ಅಧಿಕಾರಿಯಾಗಿ ಬಂದು ಇಲ್ಲಿ ವಾಸಿಸಿದ್ದನು.

ಸೊಲ್ಲಾಪುರದಿಂದ ಹೈದರಾಬಾದ್ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ದೂರವಿರುವ ಈ ಊರಿಗೆ ಬಸ್ಸುಗಳ ಕೊರತೆಯಿಲ್ಲ. ಧಾರೆ ನೋಡುವ ಆಸೆಯಿದ್ದರೆ ಮಳೆ ಚೆನ್ನಾಗಿ ಆಗಿ ಹೊಳೆ ತುಂಬಿದೆಯೇ ಎಂದು ಆ ಕಡೆಯವರನ್ನು ಕೇಳಿಕೊಂಡೇ ಹೊರಡಬೇಕು. ಮಹಲಿಗೆ ಇಳಿಯುವ ಮೆಟ್ಟಿಲುಗಳು ಮಳೆಗಾಲದಲ್ಲಿ ಜಾರುತ್ತವೆ. ಮೊಣಕಾಲು ನೋವಿರುವ ಹಿರಿಯರನ್ನು ಕೈಹಿಡಿದು ನಿಧಾನವಾಗಿ ಇಳಿಸಬೇಕು, ಕಾಲಿಗೆ ಹಿಡಿತವಿರುವ ಚಪ್ಪಲಿ ಇರಲಿ. ಅವ್ವ ಇಳಿಯುವಾಗ ಮೂರು ಕಡೆ ಕುಳಿತು ಸುಧಾರಿಸಿಕೊಂಡಳು, ಆದರೂ ಮುಂದಿನ ವರ್ಷ ತನ್ನ ತಂಗಿಯನ್ನೂ ಕರೆದುಕೊಂಡು ಬರಬೇಕೆಂದು ಬಸ್ಸಿನಲ್ಲೇ ಹೇಳಿದಳು.